ಪ್ರಯೋಗ ತೋರಿಸುವ ಮೊದಲು ಎರಡು ನಿಮಿಷ

ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನ ಹತ್ತಿರ ಬಂತೆಂದರೆ ಮುಂಬಯಿಯ ಶಾಲೆಗಳಲ್ಲೂ ಕನ್ನಡ ಸಂಘಗಳ ಭಾನುವಾರದ ಮಕ್ಕಳ ಕೂಟಗಳಲ್ಲೂ ಒಂದು ಪ್ರಯೋಗ ತಪ್ಪದೆ ನಡೆಯುತ್ತದೆ. ತಟ್ಟೆಯಲ್ಲಿ ಬಣ್ಣದ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ‘ಆಮ್ಲಜನಕ ಖರ್ಚಾಯಿತು, ಖಾಲಿಯಾದ ಜಾಗಕ್ಕೆ ನೀರು ಬಂತು, ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ ಅನ್ನುವುದು ಸಿದ್ಧವಾಯಿತು’ ಎಂದು ದೊಡ್ಡವರು ವಿವರಿಸಿ ಮುಂದಿನ ಮೇಜಿಗೆ ಹೋಗುತ್ತಾರೆ.

ಈ ವಿವರಣೆ ತಪ್ಪು. ತಪ್ಪೆಂದು ಕಂಡುಹಿಡಿಯಲು ದುಬಾರಿ ಉಪಕರಣವೇನೂ ಬೇಡ, ಅದೇ ತಟ್ಟೆ ಅದೇ ಲೋಟ ಸಾಕು. ಹಾಗಿದ್ದೂ ಅದು ವರ್ಷಗಟ್ಟಲೆ ಉಳಿದುಕೊಂಡಿರುವುದಕ್ಕೆ ಕಾರಣ, ಲೋಟ ಇಳಿಸುವ ಮೊದಲು ಮಕ್ಕಳನ್ನು ಯಾರೂ ಏನೂ ಕೇಳುವುದಿಲ್ಲ ಮತ್ತು ಲೋಟ ಇಳಿಸಿದ ಮೇಲೆ ನಡೆದದ್ದನ್ನು ಯಾರೂ ಸರಿಯಾಗಿ ನೋಡುವುದಿಲ್ಲ.

ವಿಜ್ಞಾನ ಕಲಿಕೆಯ ಬಗ್ಗೆ ಕಳೆದ ನಾಲ್ಕೈದು ದಶಕಗಳಲ್ಲಿ ನಡೆದ ಸಂಶೋಧನೆಯಲ್ಲಿ ನಮ್ಮಂಥ ಸಾಮಾನ್ಯ ತರಗತಿಗೆ ನೇರ ಉಪಯೋಗಕ್ಕೆ ಬರುವ ಒಂದೇ ಒಂದನ್ನು ಆರಿಸು ಎಂದರೆ ನನ್ನ ಆಯ್ಕೆ ಇದು: ತೋರಿಸುವ ಮೊದಲು ಊಹೆ ಬರೆಸಿ. ಬಾಯಲ್ಲಿ ಕೇಳಿಬಿಡುವುದಲ್ಲ, ಬರೆಸುವುದು. 2004ರಲ್ಲಿ ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ ಅವರ ಗುಂಪು ಭೌತವಿಜ್ಞಾನದ ಪ್ರಾತ್ಯಕ್ಷಿಕೆಗಳ ಮೇಲೆ ಒಂದು ಅಧ್ಯಯನ ಪ್ರಕಟಿಸಿತು. ಒಂದೇ ಪ್ರಯೋಗವನ್ನು ಕೆಲವರಿಗೆ ತೋರಿಸಲೇ ಇಲ್ಲ, ಕೆಲವರಿಗೆ ಸುಮ್ಮನೆ ತೋರಿಸಿ ವಿವರಿಸಿದರು, ಕೆಲವರಿಂದ ಮೊದಲು ಊಹೆ ಪಡೆದರು, ಇನ್ನು ಕೆಲವರಿಗೆ ಊಹೆಯ ಜೊತೆ ಚರ್ಚೆಗೂ ಅವಕಾಶ ಕೊಟ್ಟರು. ಸೆಮಿಸ್ಟರ್ ಕೊನೆಯಲ್ಲಿ ಸರಿಯಾದ ಕಾರಣ ಕೊಟ್ಟವರು ಕ್ರಮವಾಗಿ ಶೇ. 22, 24, 30 ಮತ್ತು 32. ಅಂದರೆ ಸುಮ್ಮನೆ ನೋಡಿದವರಿಗೂ ನೋಡದೇ ಇದ್ದವರಿಗೂ ಹೆಚ್ಚುಕಡಿಮೆ ವ್ಯತ್ಯಾಸವಿಲ್ಲ. ಸುಮ್ಮನೆ ತೋರಿಸಲು ಹಿಡಿದದ್ದು ಸುಮಾರು 11 ನಿಮಿಷ, ಊಹೆ ಬರೆಸಿ ತೋರಿಸಲು 13. ಚರ್ಚೆಯೂ ಸೇರಿದರೆ 21. ಆ ಮೊದಲ ಎರಡು ನಿಮಿಷದಷ್ಟು ಅಗ್ಗದ ಸುಧಾರಣೆ ಇನ್ನೊಂದಿಲ್ಲ.

ಇದೇ ಗುಂಪು 2013ರಲ್ಲಿ ಇನ್ನೊಂದು ವಿಷಯ ಗಮನಿಸಿತು. ಪ್ರಯೋಗ ನೋಡಿದವರು ‘ಏನಾಯಿತು’ ಎಂದು ವರದಿ ಮಾಡಿದಾಗ ಸುಮಾರು ಐದರಲ್ಲಿ ಒಂದು ಸಲ ನಿಜವಾಗಿ ಆದದ್ದನ್ನು ಬಿಟ್ಟು ಬೇರೆಯದನ್ನೇ ಹೇಳಿದ್ದರು. ಕಣ್ಣೆದುರು ನಡೆದದ್ದನ್ನೂ ಮನಸ್ಸಿನಲ್ಲಿದ್ದ ಹಳೆಯ ನಂಬಿಕೆ ತಿದ್ದಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಊಹೆಯನ್ನು ಮಾತ್ರ ಬರೆಸಿದರೆ ಸಾಲದು, ಕಂಡದ್ದನ್ನೂ ವಿವರಣೆಗೆ ಮೊದಲೇ ಬರೆಸಬೇಕು. ಊಹಿಸು, ನೋಡು, ವಿವರಿಸು ಎಂಬ ಮೂರು ಹೆಜ್ಜೆಯ ಈ ವಿಧಾನಕ್ಕೆ 1992ರಲ್ಲಿ ರಿಚರ್ಡ್ ವೈಟ್ ಮತ್ತು ರಿಚರ್ಡ್ ಗನ್‌ಸ್ಟೋನ್ ಸ್ಪಷ್ಟ ರೂಪ ಕೊಟ್ಟರು.

ಮೇಣದಬತ್ತಿಯನ್ನು ಸರಿಯಾಗಿ ಮಾಡುವುದು

ಬೇಕಾದ್ದು: ಅಂಚಿರುವ ತಟ್ಟೆ, ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಆಳಕ್ಕೆ ನೀರು, ಚಿಟಿಕೆ ಕುಂಕುಮ ಅಥವಾ ಎರಡು ಹನಿ ಶಾಯಿ, ಐದಾರು ಸೆಂಟಿಮೀಟರ್ ಎತ್ತರದ ಮೂರು ಮೇಣದಬತ್ತಿ ತುಂಡು, ಮೂರೂ ಒಳಗೆ ಹಿಡಿಸುವಷ್ಟು ಅಗಲ ಬಾಯಿಯ ಗಾಜಿನ ಲೋಟ ಅಥವಾ ಜಾಮ್ ಬಾಟಲಿ, ಎರಡು ನಾಣ್ಯ. ಲೋಟದ ಅಂಚು ಆ ನಾಣ್ಯಗಳ ಮೇಲೆ ಕೂರಬೇಕು, ಇಲ್ಲದಿದ್ದರೆ ಅದು ತಟ್ಟೆಗೆ ಅಂಟಿಕೊಂಡು ನೀರು ಒಳಗೆ ಹೋಗಲು ದಾರಿಯೇ ಇರುವುದಿಲ್ಲ. ನೀರು ಕಡಿಮೆಯಾದರೆ ಅರ್ಧ ಏರುವಷ್ಟರಲ್ಲಿ ಅಂಚಿನ ಕೆಳಗಿಂದ ಗಾಳಿ ನುಗ್ಗಿ ಏರಿದ್ದೆಲ್ಲ ಕೆಳಗಿಳಿಯುತ್ತದೆ. ಫ್ಯಾನ್ ಆರಿಸಿ. ಮೇ ತಿಂಗಳ ಮುಂಬಯಿಯಲ್ಲಿ ಇದು ಹಿಂಸೆಯೇ, ಆದರೂ ಆರಿಸಿ. ಮಕ್ಕಳ ಕೂದಲು ಹಿಂದೆ ಕಟ್ಟಿರಲಿ.

ಈಗ ಬೋರ್ಡಿನ ಮೇಲೆ ಪ್ರಶ್ನೆ: ಒಂದು ಬತ್ತಿ ಇಟ್ಟಾಗ ನೀರು ಇಷ್ಟು ಏರಿತು (ಮೊದಲ ಪ್ರಯೋಗ ಮಾಡಿ ಲೋಟದ ಮೇಲೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆಯಿರಿ). ಅದೇ ಲೋಟದ ಕೆಳಗೆ ಮೂರು ಬತ್ತಿ ಇಟ್ಟರೆ? ಅ) ಅಷ್ಟೇ ಏರುತ್ತದೆ, ಆ) ಹೆಚ್ಚು ಏರುತ್ತದೆ, ಇ) ಕಡಿಮೆ ಏರುತ್ತದೆ. ಅಕ್ಷರದ ಮುಂದೆ ಒಂದು ಸಾಲು ಕಾರಣ ಬರೆಯಲಿ. ಎರಡು ನಿಮಿಷ, ಮಾತಿಲ್ಲದೆ.

ಆಮ್ಲಜನಕದ ಕಥೆ ನಂಬಿದವರು ತರ್ಕಬದ್ಧವಾಗಿಯೇ ‘ಅಷ್ಟೇ’ ಎನ್ನುತ್ತಾರೆ, ಏಕೆಂದರೆ ಲೋಟದೊಳಗಿನ ಆಮ್ಲಜನಕ ಎಷ್ಟಿತ್ತೋ ಅಷ್ಟೇ. ಮೂರು ಬತ್ತಿ ಇಟ್ಟಾಗ ನೀರು ಗೆರೆ ದಾಟಿ ಹೋಗುತ್ತದೆ. ಆಗ ತರಗತಿಯಲ್ಲಿ ಸದ್ದಾಗುತ್ತದೆ. ಆ ಸದ್ದನ್ನು ಅಡಗಿಸಬೇಡಿ, ಉತ್ತರವನ್ನೂ ಹೇಳಬೇಡಿ. ‘ನೀರು ಯಾವಾಗ ಏರಿತು, ಬತ್ತಿ ಉರಿಯುತ್ತಿದ್ದಾಗಲೋ ಆರಿದ ಮೇಲೋ?’ ಎಂದಷ್ಟೇ ಕೇಳಿ ಮತ್ತೊಮ್ಮೆ ಮಾಡಿ. ಹೆಚ್ಚಿನ ಏರಿಕೆ ಬತ್ತಿ ಆರುವ ಹೊತ್ತಿಗೆ ಮತ್ತು ಆರಿದ ಮೇಲೆ, ಸರ್ರನೆ. ಆಮ್ಲಜನಕ ಖರ್ಚಾಗುವುದೇ ಕಾರಣವಾಗಿದ್ದರೆ ಉರಿಯುತ್ತಿರುವಷ್ಟು ಹೊತ್ತೂ ನಿಧಾನವಾಗಿ ಏರಬೇಕಿತ್ತು. ಲೋಟವನ್ನು ತಡಮಾಡದೆ ಇಳಿಸಿದರೆ ಮೊದಲ ಕ್ಷಣಗಳಲ್ಲಿ ಅಂಚಿನಿಂದ ಗುಳ್ಳೆಗಳು ಹೊರಬರುವುದೂ ಕಾಣುತ್ತದೆ.

ಮೂರನೆಯದು ನಿರ್ಣಾಯಕ. ಬೆಂಕಿಯೇ ಬೇಡ. ಅದೇ ಲೋಟವನ್ನು ಮೊದಲು ಉಗುರುಬೆಚ್ಚಗಿನ ನೀರಿನಿಂದ, ಆಮೇಲೆ ಬಿಸಿ ನೀರಿನಿಂದ ತೊಳೆದು (ನೇರ ಕುದಿನೀರು ಹಾಕಿದರೆ ತೆಳು ಗಾಜು ಬಿರಿಯುತ್ತದೆ) ಚೆಲ್ಲಿ, ಕೂಡಲೇ ತಟ್ಟೆಯ ತಣ್ಣೀರಿನಲ್ಲಿ ಬೋರಲು ಹಾಕಿ. ನೀರು ಮೆಲ್ಲಗೆ ಏರುತ್ತದೆ. ಬತ್ತಿಯಷ್ಟು ಅಲ್ಲದಿದ್ದರೂ ಕಣ್ಣಿಗೆ ಕಾಣುವಷ್ಟು. ಏನೂ ಉರಿದಿಲ್ಲ, ಆಮ್ಲಜನಕ ಹೋಗಿಲ್ಲ, ಆದರೂ ನೀರು ಏರಿದೆ. ಬಿಸಿಗಾಳಿ ಹಿಗ್ಗಿ ಒಂದಷ್ಟು ಹೊರಹೋಯಿತು, ಉಳಿದದ್ದು ತಣಿದು ಕುಗ್ಗಿತು, ಆವಿ ನೀರಾಯಿತು, ಹೊರಗಿನ ವಾಯುಭಾರ ನೀರನ್ನು ಒಳಗೆ ತಳ್ಳಿತು ಎಂಬುದನ್ನು ಈಗ ಮಕ್ಕಳೇ ಸೇರಿಸಿಕೊಂಡು ಹೇಳಬಲ್ಲರು.

ಹೈಸ್ಕೂಲಿನವರಿಗೆ ಲೆಕ್ಕವನ್ನೂ ಕೊಡಬಹುದು. ಮುಚ್ಚಿದ ಜಾಗದಲ್ಲಿ ಮೇಣದಬತ್ತಿ ಆರುವಾಗ ಗಾಳಿಯಲ್ಲಿ ಇನ್ನೂ ಶೇ. 16ರಷ್ಟು ಆಮ್ಲಜನಕ ಉಳಿದೇ ಇರುತ್ತದೆ. ಅಂದರೆ 21ರಲ್ಲಿ ಖರ್ಚಾದದ್ದು ಐದು. ಮೇಣ ಉರಿದಾಗ ಮೂರು ಭಾಗ ಆಮ್ಲಜನಕಕ್ಕೆ ಎರಡು ಭಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಅದು ಅಷ್ಟು ಬೇಗ ನೀರಿನಲ್ಲಿ ಕರಗುವುದಿಲ್ಲ. ಐದು ಹೋಗಿ ಮೂರಕ್ಕಿಂತ ಹೆಚ್ಚು ಬಂದರೆ ನಿಜವಾದ ನಷ್ಟ ನೂರಕ್ಕೆ ಎರಡೂ ಇಲ್ಲ. ಲೋಟದಲ್ಲಿ ಕಂಡ ಏರಿಕೆಯ ಮುಂದೆ ಅದು ಏನೇನೂ ಅಲ್ಲ. ‘ಐದನೇ ಒಂದು ಭಾಗ’ ಎಂಬ ಅಂಕಿ ಕೆಲವೊಮ್ಮೆ ಹೊಂದಿಕೆಯಾಗುವುದು ಕಾಕತಾಳೀಯ.

ಇಷ್ಟಕ್ಕೆ ಒಂದು 35 ನಿಮಿಷದ ಪಿರಿಯಡ್ ಪೂರ್ತಿ ಬೇಕು. ‘ಅಷ್ಟೊಂದು ಹೊತ್ತು ಎಲ್ಲಿದೆ, ಪೋರ್ಷನ್ ಮುಗಿಸಬೇಡವೇ’ ಎಂಬ ಆಕ್ಷೇಪ ನ್ಯಾಯವಾದದ್ದೇ. ಎಲ್ಲ ಪಾಠಕ್ಕೂ ಹೀಗೆ ಮಾಡಿ ಎನ್ನುತ್ತಿಲ್ಲ. ಟರ್ಮಿಗೆ ಮೂರೋ ನಾಲ್ಕೋ ಜಾಗ, ಎಲ್ಲಿ ಮಕ್ಕಳ ನಂಬಿಕೆ ಗಟ್ಟಿಯಾಗಿ ಎದುರು ನಿಲ್ಲುತ್ತದೋ ಅಲ್ಲಿ. ಉಳಿದದ್ದಕ್ಕೆ ನೇರ ಪಾಠವೇ ಒಳ್ಳೆಯದು.

ತಪ್ಪು ಆಯ್ಕೆಗಳನ್ನು ಎಲ್ಲಿಂದ ತರುವುದು

ಪ್ರಶ್ನೆ ಬರೆಯುವಾಗ ಎಲ್ಲರೂ ಎಡವುವುದು ಇಲ್ಲಿ. ಸರಿ ಉತ್ತರದ ಪಕ್ಕದಲ್ಲಿ ಯಾರೂ ಆರಿಸದ ಮೂರು ಪೆದ್ದು ಉತ್ತರ ಇಟ್ಟರೆ ಆ ಪ್ರಶ್ನೆಯಿಂದ ಪ್ರಯೋಜನವಿಲ್ಲ. ತಪ್ಪು ಆಯ್ಕೆಗಳು ಮಕ್ಕಳ ಬಾಯಿಂದಲೇ ಬರಬೇಕು. ದಾರಿ ಸುಲಭ: ಪಾಠಕ್ಕೆ ಒಂದು ವಾರ ಮೊದಲು ಒಂದು ತೆರೆದ ಪ್ರಶ್ನೆ, ಹೆಸರಿಲ್ಲದ ಚೀಟಿ, ಚಿತ್ರ ಬರೆದರೂ ಸರಿ. ಮನೆಯಲ್ಲಿ ಚೀಟಿಗಳನ್ನು ನೆಲದ ಮೇಲೆ ಹರಡಿ ಒಂದೇ ಥರದವನ್ನು ಗುಡ್ಡೆ ಮಾಡಿ. ಅರವತ್ತು ಚೀಟಿಯಲ್ಲೂ ಸಾಮಾನ್ಯವಾಗಿ ನಾಲ್ಕೈದಕ್ಕಿಂತ ಹೆಚ್ಚು ಗುಡ್ಡೆ ಬೀಳುವುದಿಲ್ಲ. ದೊಡ್ಡ ಗುಡ್ಡೆಗಳೇ ನಿಮ್ಮ ಆಯ್ಕೆಗಳು, ಅವರದೇ ಮಾತಿನಲ್ಲಿ.

ಇದನ್ನು ಒತ್ತಿ ಹೇಳಲು ಆಧಾರವಿದೆ. 2013ರಲ್ಲಿ ಫಿಲಿಪ್ ಸ್ಯಾಡ್ಲರ್ ಮತ್ತು ಸಂಗಡಿಗರು ಅಮೆರಿಕದ 181 ಮಾಧ್ಯಮಿಕ ಶಿಕ್ಷಕರನ್ನೂ ಅವರ ಒಂಬತ್ತೂವರೆ ಸಾವಿರ ವಿದ್ಯಾರ್ಥಿಗಳನ್ನೂ ಪರೀಕ್ಷಿಸಿದರು. ಶಿಕ್ಷಕರಿಗೆ ಸರಿ ಉತ್ತರ ಗೊತ್ತೇ ಎಂಬುದರ ಜೊತೆಗೆ, ‘ನಿಮ್ಮ ಮಕ್ಕಳು ಯಾವ ತಪ್ಪು ಉತ್ತರವನ್ನು ಹೆಚ್ಚು ಆರಿಸುತ್ತಾರೆ’ ಎಂದೂ ಕೇಳಿದರು. ಬಲವಾದ ತಪ್ಪು ಕಲ್ಪನೆ ಇರುವ ವಿಷಯಗಳಲ್ಲಿ, ಎರಡನೆಯದನ್ನೂ ಸರಿಯಾಗಿ ಹೇಳಿದ ಶಿಕ್ಷಕರ ತರಗತಿಯಲ್ಲೇ ಕಲಿಕೆ ಹೆಚ್ಚಾಗಿತ್ತು.

ನಮ್ಮೂರಿನ ಉದಾಹರಣೆಯೇ ಬೇಕೆಂದರೆ ಮಾನ್‌ಖುರ್ದ್‌ನಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಭಾಗವಾಗಿ 1974ರಲ್ಲಿ ಶುರುವಾದದ್ದು. ಒಲಿಂಪಿಯಾಡ್‌ಗಳಿಂದಾಗಿ ಹೆಸರು ಎಲ್ಲರಿಗೂ ಗೊತ್ತು, ಆದರೆ ಮಕ್ಕಳ ತಿಳಿವಳಿಕೆಯ ಮೇಲೆ ಅಲ್ಲಿ ನಡೆದಿರುವ ಕೆಲಸ ನಮ್ಮ ಶಿಕ್ಷಕರಿಗೆ ಅಷ್ಟು ಪರಿಚಯವಿಲ್ಲ. 1994ರಲ್ಲಿ ಅಲ್ಲಿನ ಪಾನ್ಸೆ, ಜಯಶ್ರೀ ರಾಮದಾಸ್, ಅರವಿಂದ ಕುಮಾರ್ ಪ್ರಕಟಿಸಿದ ಅಧ್ಯಯನ ಸಾಪೇಕ್ಷ ಚಲನೆಯ ಬಗ್ಗೆ. ವೀಕ್ಷಣೆಯ ಚೌಕಟ್ಟು (ಚಲನೆಯನ್ನು ಯಾವ ನೆಲೆಯಿಂದ ನೋಡಿ ಅಳೆಯುತ್ತೇವೋ ಅದು) ಎಂದರೆ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಕೈಗೆ ಸಿಗುವ, ಗಡಿ ಇರುವ ಒಂದು ವಸ್ತು: ರೈಲಿನ ಚೌಕಟ್ಟು ರೈಲಿನ ಗೋಡೆಯ ತನಕ, ಆಚೆಗೆ ಇಲ್ಲ. ಸೂತ್ರಗಳನ್ನು ಬಲ್ಲ ಕಾಲೇಜು ಹುಡುಗರಲ್ಲೂ ಇಂಥ ತಪ್ಪು ಕಲ್ಪನೆ ಇರುತ್ತದೆ.

ಇದನ್ನು ಹಾರ್ಬರ್ ಲೈನಿನಲ್ಲೇ ಕೇಳಬಹುದು. ಮಾನ್‌ಖುರ್ದ್‌ ಬಿಟ್ಟ ಗಾಡಿ ವಾಶಿ ಖಾಡಿಯ ಸೇತುವೆ ಮೇಲೆ ಒಂದಷ್ಟು ಹೊತ್ತು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಓಡುತ್ತದೆ. ಆಗ ಕೈಯಿಂದ ರಬ್ಬರ್ ಬಿಟ್ಟರೆ ಅದು ಬೀಳುವುದು ನೇರ ಕೆಳಗೋ, ಹಿಂದಕ್ಕೋ, ಮುಂದಕ್ಕೋ? ‘ಹಿಂದಕ್ಕೆ’ ಎನ್ನುವವರು ಬಹಳ. ಬೋಗಿ ಖಾಲಿ ಇರುವ ಭಾನುವಾರ ಬೆಳಗ್ಗೆ, ಸೀಟಿನಲ್ಲಿ ಕೂತು, ಮೊಣಕಾಲಿನ ಎತ್ತರದಿಂದ ಪಾದದ ಮೇಲೆ ಬೀಳುವಂತೆ ಬಿಟ್ಟು ನೋಡಲಿ. ಬಾಗಿಲ ಬಳಿ ಖಂಡಿತ ಬೇಡ. ಬಾಗಿಲಿನಿಂದ ಬರುವ ಗಾಳಿಗೆ ಕಾಗದದಂಥ ಹಗುರ ವಸ್ತು ಹಿಂದಕ್ಕೆ ಹಾರಿ ತಪ್ಪು ನಂಬಿಕೆಗೇ ಸಾಕ್ಷಿ ಹೇಳುತ್ತದೆ, ಆದ್ದರಿಂದ ರಬ್ಬರ್ ಅಥವಾ ನಾಣ್ಯವೇ ಆಗಬೇಕು. ಆಮೇಲೆ ಗಾಡಿ ಬ್ರೇಕ್ ಹಾಕುವಾಗ ಇನ್ನೊಮ್ಮೆ. ಮನೆಗೆ ಬಂದು ಬರೆಯಬೇಕಾದ ಪ್ರಶ್ನೆ: ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಿಟಕಿಯೊಳಗೆ ನೋಡುವವರಿಗೆ ಅದೇ ರಬ್ಬರಿನ ದಾರಿ ಹೇಗೆ ಕಾಣುತ್ತದೆ, ಚಿತ್ರ ಬರೆಯಿರಿ.

ಸೆಲ್ಲು, ಬಲ್ಬು, ಒಂದೇ ತಂತಿ

ವಿದ್ಯುತ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ: 1.5 ವೋಲ್ಟಿನ ಒಂದು ಸೆಲ್, ಒಂದು ಟಾರ್ಚ್ ಬಲ್ಬ್, ಒಂದು ತುಂಡು ತಂತಿ. ಹೋಲ್ಡರ್ ಇಲ್ಲ. ಬಲ್ಬ್ ಉರಿಸಬೇಕು. ಕೈಗೆ ಸಾಮಾನು ಕೊಡುವ ಮೊದಲು ಚಿತ್ರ ಬರೆಸಿ. ಸೆಲ್ಲಿನ ಮೇಲಿನ ತುದಿಯಿಂದ ಬಲ್ಬಿನ ತಳಕ್ಕೆ ಒಂದೇ ತಂತಿ ಎಳೆದ ಚಿತ್ರ ಬಹಳ ಬರುತ್ತದೆ. ಗೋಡೆಯ ಪ್ಲಗ್ಗಿನಿಂದ ಮಿಕ್ಸರಿಗೆ ಒಂದೇ ವೈರ್ ಹೋಗುವುದನ್ನು ದಿನಾ ನೋಡುವ ಮಗುವಿಗೆ ಅದು ಸಹಜ. ಎರಡು ತಂತಿ ಬರೆದವರಲ್ಲೂ ಕೆಲವರು ಎರಡೂ ತುದಿಯಿಂದ ವಿದ್ಯುತ್ ಬಂದು ಬಲ್ಬಿನಲ್ಲಿ ಡಿಕ್ಕಿ ಹೊಡೆಯುತ್ತದೆ ಎನ್ನುತ್ತಾರೆ. ಇನ್ನು ಕೆಲವರು ಬಲ್ಬು ವಿದ್ಯುತ್ತನ್ನು ತಿಂದುಬಿಡುತ್ತದೆ, ಹಿಂತಿರುಗುವಾಗ ಕಡಿಮೆ ಎನ್ನುತ್ತಾರೆ. ರೋಜರ್ ಓಸ್ಬರ್ನ್ ನ್ಯೂಜಿಲೆಂಡಿನ ಮಕ್ಕಳಲ್ಲಿ 1980ರ ದಶಕದ ಆರಂಭದಲ್ಲಿ ಗುರುತಿಸಿದ ಮಾದರಿಗಳು ಇವೇ, ಚೆಂಬೂರಿನ ಮಕ್ಕಳ ಚೀಟಿಯಲ್ಲೂ ಇವೇ ಸಿಗುತ್ತವೆ.

ಸಾಮಾನಿನ ತೊಂದರೆ ಹೇಳಬೇಕು. ತಂತು ಇರುವ ಟಾರ್ಚ್ ಬಲ್ಬ್ ಈಗ ಮೂಲೆಯ ಅಂಗಡಿಯಲ್ಲಿ ಸಿಗುವುದು ಕಷ್ಟ. ಮುಂಬಯಿಯಲ್ಲಿ ಲ್ಯಾಮಿಂಗ್ಟನ್ ರೋಡ್, ಪುಣೆಯಲ್ಲಿ ಬುಧವಾರ ಪೇಠದ ತಪಕೀರ್ ಗಲ್ಲಿ ಹುಡುಕಬೇಕು. ‘ಎಲ್‌ಇಡಿ ಹಾಕಿದರಾಯಿತು’ ಎಂದು ಬದಲಿಸಿದರೆ ಪ್ರಯೋಗವೇ ಬೇರೆಯಾಗುತ್ತದೆ. ಕೆಂಪು ಎಲ್‌ಇಡಿಗೆ ಸುಮಾರು 1.8ರಿಂದ 2 ವೋಲ್ಟ್ ಬೇಕು, ಒಂದು ಸೆಲ್ಲಿನಿಂದ ಉರಿಯುವುದಿಲ್ಲ. ಬಿಳಿಯದಕ್ಕೆ ಸುಮಾರು ಮೂರು. ಮೇಲಾಗಿ ಎಲ್‌ಇಡಿ ಒಂದೇ ದಿಕ್ಕಿನಲ್ಲಿ ಉರಿಯುವುದರಿಂದ, ಮಂಡಲ (ಸರ್ಕಿಟ್) ಸರಿ ಇದ್ದೂ ಉರಿಯದೆ ಹೋದಾಗ ಮಗು ತಪ್ಪು ಪಾಠ ಕಲಿಯುತ್ತದೆ. ತಂತಿಯ ಪ್ಲಾಸ್ಟಿಕ್ಕನ್ನು ಎರಡು ತುದಿಯಲ್ಲಿ ಎರಡೆರಡು ಸೆಂಟಿಮೀಟರ್ ಬಿಡಿಸಿಟ್ಟಿರಿ. ಸೆಲ್ ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಜಿಂಕ್–ಕಾರ್ಬನ್ ಇರಲಿ. ಆಲ್ಕಲೈನ್ ಸೆಲ್ಲಿನ ಎರಡು ತುದಿಗೆ ನೇರ ತಂತಿ ತಾಗಿದರೆ ಬೆರಳು ಸುಡುವಷ್ಟು ಬಿಸಿಯಾಗುತ್ತದೆ. ಮೊಬೈಲ್ ಬ್ಯಾಟರಿ, ಪವರ್ ಬ್ಯಾಂಕ್, ಗೋಡೆಯ ಪ್ಲಗ್ ಮುಟ್ಟುವಂತಿಲ್ಲ ಎಂದು ಮೊದಲೇ ಹೇಳಿ. ಒಂದೇ ಸೆಲ್ಲಿನಲ್ಲಿ 2.5 ವೋಲ್ಟಿನ ಬಲ್ಬ್ ಮಂಕಾಗಿ ಉರಿಯುತ್ತದೆ, ಕಿಟಕಿ ಪರದೆ ಎಳೆದರೆ ಕಾಣುತ್ತದೆ.

‘ತಿಂದುಬಿಡುತ್ತದೆ’ ಎಂಬ ಕಲ್ಪನೆಗೆ ಎದುರು ಪ್ರಯೋಗ: ಎರಡು ಸೆಲ್, ಒಂದೇ ಸಾಲಿನಲ್ಲಿ ಎರಡು ಬಲ್ಬ್. ಯಾವುದು ಹೆಚ್ಚು ಪ್ರಕಾಶ? ಮೊದಲನೆಯದು ಎಂದು ಊಹೆ ಬರುತ್ತದೆ. ಇಲ್ಲಿ ಒಂದು ಬಲೆ ಇದೆ. ನೋಡಲು ಒಂದೇ ಥರ ಇರುವ ಬಲ್ಬುಗಳಲ್ಲಿ ಒಂದು 0.2 ಆಂಪಿಯರಿನದು, ಇನ್ನೊಂದು 0.3ರದು ಇರಬಹುದು. ಆಗ 0.2ರದ್ದು ಪ್ರಕಾಶವಾಗಿ ಉರಿಯುತ್ತದೆ. ಅದು ಅಕಸ್ಮಾತ್ ಮೊದಲ ಸ್ಥಾನದಲ್ಲಿದ್ದರೆ ತಪ್ಪು ಕಲ್ಪನೆಗೆ ಪ್ರಯೋಗವೇ ಮುದ್ರೆ ಒತ್ತಿದಂತೆ. ಹಿಂದಿನ ದಿನವೇ ಬಲ್ಬುಗಳನ್ನು ಜೋಡಿಜೋಡಿಯಾಗಿ ಉರಿಸಿ ಸಮ ಇರುವವನ್ನು ಆರಿಸಿಡಿ. ಆಗದಿದ್ದರೆ ಸೆಲ್ಲುಗಳ ದಿಕ್ಕು ತಿರುಗಿಸಿ ಹಾಕಿ. ಮೊದಲನೆಯದು ಈಗ ಎರಡನೆಯದಾಯಿತು, ಆದರೂ ಅದೇ ಬಲ್ಬ್ ಪ್ರಕಾಶವಾಗಿದ್ದರೆ ವ್ಯತ್ಯಾಸ ಬಲ್ಬಿನದೇ ಹೊರತು ಸ್ಥಾನದ್ದಲ್ಲ ಎಂದು ಮಕ್ಕಳೇ ಹಿಡಿಯುತ್ತಾರೆ. ನಿಜ ಹೇಳಬೇಕೆಂದರೆ ಈ ಅಸಮ ಬಲ್ಬಿನ ದಾರಿಯೇ ಹೆಚ್ಚು ಕಲಿಸುತ್ತದೆ.

ಚಂದ್ರ ಮತ್ತು ನಿಂಬೆಹಣ್ಣು

ಅರ್ಧ ಚಂದ್ರನ ಇನ್ನರ್ಧ ಯಾಕೆ ಕತ್ತಲೆ? ‘ಭೂಮಿಯ ನೆರಳು’ ಎನ್ನುವವರು ಮಕ್ಕಳಷ್ಟೇ ಅಲ್ಲ. ಗ್ಲೋಬು, ಟಾರ್ಚು ಹಿಡಿದು ಎಷ್ಟು ಮಾದರಿ ತೋರಿಸಿದರೂ ಈ ನೆರಳು ಹೋಗುವುದಿಲ್ಲ. ಹೋಗುವುದು ಆಕಾಶದ ಕೆಳಗೆ ನಿಂತಾಗ.

ಕ್ಯಾಲೆಂಡರಿನಲ್ಲಿ ಕೃಷ್ಣಪಕ್ಷದ ಸಪ್ತಮಿ, ಅಷ್ಟಮಿ ನೋಡಿಟ್ಟುಕೊಳ್ಳಿ. ಆ ದಿನ ಬೆಳಗ್ಗೆ ಏಳೂವರೆ ಎಂಟರ ಹೊತ್ತಿಗೆ ಸೂರ್ಯ ಪೂರ್ವದಲ್ಲಿ, ಅರ್ಧ ಚಂದ್ರ ಪಶ್ಚಿಮಕ್ಕೆ ವಾಲಿ ಎತ್ತರದಲ್ಲಿ, ಎರಡೂ ಒಟ್ಟಿಗೆ ಕಾಣುತ್ತವೆ. ಮಧ್ಯಾಹ್ನದ ಪಾಳಿಯ ಶಾಲೆಯಾದರೆ ಶುಕ್ಲ ಅಷ್ಟಮಿಯ ಸಂಜೆ ನಾಲ್ಕರ ಮೇಲೆ, ಆಗ ಚಂದ್ರ ಪೂರ್ವದ ಕಡೆ. ಬಿಲ್ಡಿಂಗುಗಳ ನಡುವೆ ಸಿಗದು, ಟೆರೇಸಿನ ಕೀಲಿ ಬೇಕು. ಮಗು ಬಿಸಿಲಿನಲ್ಲಿ ನಿಂತು, ಒಂದು ನಿಂಬೆಹಣ್ಣು ಅಥವಾ ಟೇಬಲ್ ಟೆನಿಸ್ ಚೆಂಡನ್ನು ತೋಳು ಚಾಚಿ ಚಂದ್ರನ ಪಕ್ಕದಲ್ಲೇ ಕಾಣುವಂತೆ ಹಿಡಿಯಬೇಕು. ಚೆಂಡಿನ ಮೇಲೆ ಬಿಸಿಲು ಬಿದ್ದಿರಬೇಕು, ತಲೆಯ ನೆರಳು ಅಡ್ಡ ಬರಬಾರದು.

ಚೆಂಡಿನಲ್ಲೂ ಅದೇ ಅರ್ಧ ಬೆಳಕು, ಅದೇ ಓರೆ. ಭೂಮಿ ಎಲ್ಲೂ ಅಡ್ಡ ಬಂದಿಲ್ಲ, ಸೂರ್ಯ ಕಾಣುತ್ತಲೇ ಇದ್ದಾನೆ. ‘ಈಗ ಭೂಮಿಯ ನೆರಳು ಯಾವ ದಿಕ್ಕಿಗಿದೆ, ಕೈ ತೋರಿಸು’ ಎಂದರೆ ಮಗು ಸೂರ್ಯನಿಗೆ ವಿರುದ್ಧ ದಿಕ್ಕಿಗೆ, ನೆಲದೊಳಕ್ಕೆ ಬೆರಳು ತೋರಿಸುತ್ತದೆ. ಚಂದ್ರ ಅಲ್ಲಿಲ್ಲ. ಕೃಷ್ಣಪಕ್ಷದಲ್ಲಾದರೆ ಮೂರು ನಾಲ್ಕು ದಿನ ಬಿಟ್ಟು ಅದೇ ಹೊತ್ತಿಗೆ ಮತ್ತೆ ಹಿಡಿದರೆ ಚೆಂಡೂ ಚಂದ್ರನೂ ಒಟ್ಟಿಗೇ ಸವೆದಿರುತ್ತವೆ. ಈ ಪಾಠವನ್ನು ಜೂನ್–ಸೆಪ್ಟೆಂಬರಿಗೆ ಇಟ್ಟುಕೊಳ್ಳಬೇಡಿ. ಕೊಂಕಣ ಕರಾವಳಿಯ ಮಳೆಗಾಲದಲ್ಲಿ ಚಂದ್ರ ಕಾಣುವುದನ್ನು ನಂಬಿ ತಾರೀಕು ಹಾಕಿದರೆ ನಿರಾಶೆ ಖಚಿತ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಚಂದ್ರನ ಕಡೆ ನೋಡುವಾಗ ಸೂರ್ಯ ಬೆನ್ನಿಗೆ ಅಥವಾ ಬದಿಗೆ ಇರುವಂತೆ ನಿಲ್ಲಿಸಿ.

ಅರವತ್ತು ಮಕ್ಕಳಲ್ಲಿ ಚರ್ಚೆ

ಕೈ ಎತ್ತಿಸಿ ಮತ ಎಣಿಸಿದರೆ ಮೊದಲ ಬೆಂಚಿನ ಜಾಣೆ ಕೈ ಎತ್ತಿದ ಕಡೆಗೆ ಎಲ್ಲ ಕೈಗಳೂ ಹೋಗುತ್ತವೆ. ಒಂದು ಹಾಳೆಯನ್ನು ನಾಲ್ಕಾಗಿ ಮಡಚಿ ಪ್ರತಿ ಮುಖದಲ್ಲಿ ಅ, ಆ, ಇ, ಈ ದೊಡ್ಡದಾಗಿ ಬರೆಸಿ. ‘ಒಂದು ಎರಡು ಮೂರು’ ಎಂದಾಗ ಎಲ್ಲರೂ ಒಟ್ಟಿಗೆ ಎದೆಗೆ ಒತ್ತಿ ಹಿಡಿಯಬೇಕು, ತಲೆ ಮೇಲಲ್ಲ. ಸರಿ ಉತ್ತರದವರು ಸುಮಾರು ಶೇ. 30ರಿಂದ 70ರ ನಡುವೆ ಇದ್ದರೆ ಚರ್ಚೆಗೆ ಬಿಡಿ, ಬೇರೆ ಉತ್ತರ ಕೊಟ್ಟ ಪಕ್ಕದವರನ್ನು ಒಪ್ಪಿಸಲಿ, ಮೂರು ನಿಮಿಷ, ಮತ್ತೆ ಮತ. ಮೂವತ್ತಕ್ಕಿಂತ ಕಡಿಮೆಯಾದರೆ ಚರ್ಚೆ ದಂಡ, ಒಂದು ಸುಳಿವು ಕೊಟ್ಟು ಮತ್ತೆ ಕೇಳಿ. ಎಪ್ಪತ್ತು ದಾಟಿದರೆ ಒಂದು ಮಾತು ಹೇಳಿ ಮುಂದೆ ಹೋಗಿ. ಈ ಅಂದಾಜು ಮಜೂರ್ ಅವರ ವಿಧಾನದ್ದು. ಜಾಣರಿಂದ ದಡ್ಡರು ನಕಲು ಮಾಡುವುದಷ್ಟೇ ಅಲ್ಲವೇ ಎಂಬ ಸಂಶಯಕ್ಕೆ 2009ರಲ್ಲಿ ಕೊಲೊರಾಡೊದ ಮಿಷೆಲ್ ಸ್ಮಿತ್ ಗುಂಪು ಉತ್ತರಿಸಿತು: ಗುಂಪಿನಲ್ಲಿ ಯಾರಿಗೂ ಸರಿ ಉತ್ತರ ಗೊತ್ತಿರದಿದ್ದಾಗಲೂ ಚರ್ಚೆಯ ನಂತರ ಅದೇ ತತ್ವದ ಹೊಸ ಪ್ರಶ್ನೆಗೆ ಸರಿ ಉತ್ತರಗಳು ಹೆಚ್ಚಿದ್ದವು.

ಪಕ್ಕದವರೊಡನೆ ವಾದಿಸುವಾಗ ಯಾವ ಭಾಷೆ ಬಂದರೂ ಬರಲಿ. ಇಲ್ಲಿನ ನಮ್ಮ ಮಕ್ಕಳ ಬಾಯಲ್ಲಿ ತುಳು, ಕನ್ನಡ, ಹಿಂದಿ, ಮರಾಠಿ ಒಂದೇ ವಾಕ್ಯದಲ್ಲಿ ಹಾದುಹೋಗುತ್ತವೆ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯ ಕನ್ನಡ ಪಠ್ಯದಲ್ಲಿ ಓದುವವರಾಗಲಿ, ಇಂಗ್ಲಿಷ್ ಮೀಡಿಯಂನವರಾಗಲಿ, ಕಾರಣವನ್ನು ಮೊದಲು ಬಂದ ಭಾಷೆಯಲ್ಲಿ ಹೇಳಿ, ಕೊನೆಯ ಒಂದು ವಾಕ್ಯವನ್ನು ಮಾತ್ರ ಪುಸ್ತಕದ ಪದಗಳಲ್ಲಿ ಬರೆದರೆ ಸಾಕು.

ಕೇಳಿದ ಮೇಲೆ ಸುಮ್ಮನಿರುವುದೂ ಒಂದು ವಿದ್ಯೆ. 1970ರ ದಶಕದಲ್ಲಿ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣ ಅಳೆದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಕಾಯುತ್ತಿದ್ದರು. ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಹಿಂದುಳಿದವರೆಂದು ಬಿಟ್ಟಿದ್ದ ಮಕ್ಕಳೂ ಬಾಯಿ ಬಿಟ್ಟರು. ಮಗು ಉತ್ತರ ಹೇಳಿ ನಿಲ್ಲಿಸಿದ ಮೇಲೂ ಮೂರು ಸೆಕೆಂಡ್ ಕಾಯಿರಿ. ‘ಶಾಬ್ಬಾಶ್’ ಎಂದು ತಕ್ಷಣ ಹೇಳಿದರೆ ಯೋಚನೆ ಅಲ್ಲಿಗೆ ನಿಲ್ಲುತ್ತದೆ.

ಎರಡು ಎಚ್ಚರಿಕೆ

‘ಮಕ್ಕಳ ಕೈಗೆ ಸಾಮಾನು ಕೊಟ್ಟುಬಿಡಿ, ತಾವೇ ಕಂಡುಕೊಳ್ಳುತ್ತಾರೆ’ ಎಂಬ ಮಾತನ್ನು ಪೂರ್ತಿ ನಂಬಬೇಡಿ. 2004ರಲ್ಲಿ ಡೇವಿಡ್ ಕ್ಲಾರ್ ಮತ್ತು ಮಿಲೇನಾ ನಿಗಮ್ ಮೂರು–ನಾಲ್ಕನೇ ತರಗತಿಯ 112 ಮಕ್ಕಳಿಗೆ ಇಳಿಜಾರು ಹಲಗೆ, ಚೆಂಡು ಕೊಟ್ಟು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸುವ ಕ್ರಮವನ್ನು ಅರ್ಧ ಜನಕ್ಕೆ ನೇರವಾಗಿ ಕಲಿಸಿದರು, ಅರ್ಧ ಜನವನ್ನು ಸ್ವತಂತ್ರ ಬಿಟ್ಟರು. ಕ್ರಮ ಕೈಗೂಡಿದ್ದು ನೇರ ಕಲಿತವರಲ್ಲಿ ಶೇ. 77, ಸ್ವತಂತ್ರ ಬಿಟ್ಟವರಲ್ಲಿ ಶೇ. 23. 1972ರಲ್ಲಿ ಮಧ್ಯಪ್ರದೇಶದ ಹೊಶಂಗಾಬಾದಿನ 16 ಶಾಲೆಗಳಲ್ಲಿ ಶುರುವಾಗಿ 2002ರ ತನಕ ನಡೆದ ವಿಜ್ಞಾನ ಕಾರ್ಯಕ್ರಮವೂ ಮಕ್ಕಳನ್ನು ಸುಮ್ಮನೆ ಬಿಟ್ಟದ್ದಲ್ಲ. ಪ್ರಯೋಗದ ಪ್ರತಿ ಹೆಜ್ಜೆಗೂ ಪ್ರಶ್ನೆ ಇರುವ ಕಾರ್ಯಪುಸ್ತಕ ಅದರ ಬೆನ್ನೆಲುಬು. ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬಿನ ಮಾದರಿಗಳಿಂದ ಅಲ್ಲಿ ಶುರು ಮಾಡಿದ ಅರವಿಂದ ಗುಪ್ತಾ ಮುಂದೆ ಪುಣೆಯ ಖಗೋಳವಿಜ್ಞಾನ ಸಂಸ್ಥೆ ಅಯೂಕಾದ ಮಕ್ಕಳ ವಿಜ್ಞಾನ ಕೇಂದ್ರದಿಂದ ಆ ಆಟಿಕೆಗಳನ್ನು ದೇಶಕ್ಕೆಲ್ಲ ಹಂಚಿದರು. ವಿಡಿಯೋ ನೋಡಿ ಆಟಿಕೆ ಮಾಡಿಸುವವರು ಬಹಳ ಇದ್ದಾರೆ, ಸಂತೋಷ. ಮಾಡಿಸಿದ ಮೇಲೆ ‘ಇದನ್ನು ಬದಲಿಸಿದರೆ ಏನಾಗುತ್ತದೆ’ ಎಂದು ಕೇಳುವವರು ಕಡಿಮೆ.

ಎರಡನೆಯದು ಪೋಷಕರ ದೂರು: ‘ನೋಟ್‌ಬುಕ್ಕಿನಲ್ಲಿ ಏನೂ ಬರೆಸಿಲ್ಲ.’ ಮಕ್ಕಳಿಗೂ ಹಾಗೇ ಅನ್ನಿಸಬಹುದು. 2019ರಲ್ಲಿ ಲೂಯಿ ಡೆಲೋರಿಯೇ ಮತ್ತು ಸಂಗಡಿಗರು ಹಾರ್ವರ್ಡ್‌ನಲ್ಲಿ ಕಂಡದ್ದು, ತಾವೇ ಕೆಲಸ ಮಾಡಿದ ತರಗತಿಯವರು ಪರೀಕ್ಷೆಯಲ್ಲಿ ಹೆಚ್ಚು ಕಲಿತಿದ್ದರು, ಆದರೆ ನುಣುಪಾದ ಉಪನ್ಯಾಸ ಕೇಳಿದವರಿಗೇ ‘ಚೆನ್ನಾಗಿ ಕಲಿತೆ’ ಎಂಬ ಭಾವನೆ ಹೆಚ್ಚು. ಮೊದಲ ದಿನವೇ ಇದನ್ನು ಬಾಯಿಬಿಟ್ಟು ಹೇಳಿ, ಊಹೆಯ ಚೀಟಿಗಳನ್ನು ನೋಟ್‌ಬುಕ್ಕಿಗೆ ಅಂಟಿಸಲು ಹೇಳಿ. ಪೋಷಕರ ಸಭೆಯಲ್ಲಿ ತೋರಿಸಲು ಅದು ಸಾಕಾಗುತ್ತದೆ.

ಕಲಿತದ್ದು ಉಳಿಯಬೇಕಾದರೆ ಮುಂದಿನ ವಾರ ಪುಸ್ತಕ ಮುಚ್ಚಿಸಿ ಐದು ನಿಮಿಷದಲ್ಲಿ ಮೂರು ಪ್ರಶ್ನೆ: ಒಂದು ಕಳೆದ ವಾರದ್ದು, ಒಂದು ಕಳೆದ ತಿಂಗಳದ್ದು, ಒಂದು ಇವತ್ತಿನ ಪಾಠಕ್ಕೆ ಬೇಕಾದದ್ದು. ಅಂಕ ಬೇಡ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದಂತೆ, ಪಾಠವನ್ನು ಮತ್ತೆ ಓದಿದವರಿಗೆ ವಾರದ ನಂತರ ನೆನಪಿದ್ದದ್ದು ಶೇ. 42, ಓದುವ ಬದಲು ನೆನಪಿಸಿಕೊಂಡು ಬರೆದವರಿಗೆ ಶೇ. 56.

ಪರಿಣಾಮ ಆಗಿದೆಯೇ ಎಂದು ನೋಡಲು ಪಾಠಕ್ಕೆ ಮೊದಲು ಹತ್ತು ಪ್ರಶ್ನೆ, ಪಾಠ ಮುಗಿದು ಒಂದು ತಿಂಗಳಾದ ಮೇಲೆ ಅದೇ ಹತ್ತು. ಏರಿಕೆಯನ್ನು, ಏರಬಹುದಾಗಿದ್ದ ಅಂತರದಿಂದ ಭಾಗಿಸಿ. ತರಗತಿಯ ಸರಾಸರಿ ಶೇ. 40ರಿಂದ 55ಕ್ಕೆ ಹೋದರೆ 15 ಭಾಗಿಸು 60, ಅಂದರೆ 0.25. ರಿಚರ್ಡ್ ಹೇಕ್ 1998ರಲ್ಲಿ ಭೌತವಿಜ್ಞಾನದ 62 ಕೋರ್ಸುಗಳ ಆರೂವರೆ ಸಾವಿರ ವಿದ್ಯಾರ್ಥಿಗಳ ಲೆಕ್ಕ ಹಾಕಿದಾಗ ಬರೀ ಉಪನ್ಯಾಸದ ತರಗತಿಗಳಿಗೆ ಬಂದದ್ದು ಸರಾಸರಿ 0.23, ವಿದ್ಯಾರ್ಥಿಗಳನ್ನು ತೊಡಗಿಸಿದ ತರಗತಿಗಳಿಗೆ 0.48. ಮೊದಲ ಸಲದ ಪ್ರಶ್ನೆಪತ್ರಿಕೆ ಮಕ್ಕಳ ಕೈಯಲ್ಲಿ ಉಳಿಯಬಾರದು, ಉತ್ತರವನ್ನೂ ಹೇಳಬಾರದು, ಇಲ್ಲದಿದ್ದರೆ ಟ್ಯೂಷನ್ನಿನಲ್ಲಿ ಆ ಹತ್ತನ್ನೂ ಬಾಯಿಪಾಠ ಮಾಡಿಸಿ ಕಳಿಸುತ್ತಾರೆ ಮತ್ತು ನಿಮ್ಮ ಅಂಕಿ 0.9 ಬರುತ್ತದೆ.